ಮೊದಲು ಕೇಳಬೇಕು, ಆಮೇಲೆ ಬರೆಯಬೇಕು



ಫಿಲಡೆಲ್ಫಿಯಾದ ಒಂದು ಕ್ವೇಕರ್ ಸಂಘದಲ್ಲಿ ನನಗೆ ಬೇಸಿಗೆ ರಜೆಯ ಕೆಲಸ ಸಿಕ್ಕಿದೆ. ಅವರ ನ್ಯೂಸ್‌ಲೆಟರ್ ಬರೆಯುವುದು, ಫೋಟೋ ತೆಗೆಯುವುದು.

"ಅವರ ಪೂಜೆ ಹೇಗಿರುತ್ತೆ ಪುಟ್ಟಿ?" ಎಂದು ಅಜ್ಜಿ ಫೋನಿನಲ್ಲಿ ಕೇಳಿದರು.

"ಪುರೋಹಿತರು ಇಲ್ಲ ಅಜ್ಜಿ. ಎಲ್ಲರೂ ಒಂದು ಗಂಟೆ ಸುಮ್ಮನೆ ಕೂತಿರ್ತಾರೆ. ಒಳಗಿಂದ ಮಾತು ಬಂದವರು ಎದ್ದು ಹೇಳ್ತಾರೆ."

"ಮಾತೇ ಆಡದವರ ಸುದ್ದಿ ಏನಂತ ಬರೀತೀಯೆ?" ಎಂದು ಅಜ್ಜಿ ನಕ್ಕರು.

ನನಗೂ ಅದೇ ಭಯವಿತ್ತು. ಆಮೇಲೆ ಅವರ ಚರಿತ್ರೆ ಓದಿದೆ. 1688ರಲ್ಲಿ ಇಲ್ಲೇ ಜರ್ಮನ್‌ಟೌನಿನಲ್ಲಿ ನಾಲ್ವರು ಗುಲಾಮಗಿರಿ ತಪ್ಪೆಂದು ಬರೆದು ತಮ್ಮ ಸಭೆಗೇ ಕೊಟ್ಟರು. ಸಭೆ ಆಗ ತೀರ್ಮಾನಕ್ಕೆ ಬರಲಿಲ್ಲ. ಸದಸ್ಯರು ಗುಲಾಮರನ್ನು ಇಟ್ಟುಕೊಳ್ಳಬಾರದು ಎಂದು ಫಿಲಡೆಲ್ಫಿಯಾದ ವಾರ್ಷಿಕ ಸಭೆ ಹೇಳಿದ್ದು 1776ರಲ್ಲಿ. ನಡುವೆ 88 ವರ್ಷ! ಕೇಳಿಸಿಕೊಳ್ಳಲು ಸುಮ್ಮನಿರುವುದು ಬೇರೆ, ಹೆದರಿ ಸುಮ್ಮನಿರುವುದು ಬೇರೆ ಎಂದು ಅನ್ನಿಸಿತು.

ಈ ಶಾಲೆಯಲ್ಲಿ ಮೊದಲ ವರ್ಷ ನಾನು ಹೆದರಿ ಸುಮ್ಮನಿದ್ದೆ. ‘ಳ’ ತಪ್ಪು ಹೇಳಿದರೆ ನಗುತ್ತಾರೆಂದು ಬಾಯಿಯೇ ಬಿಡುತ್ತಿರಲಿಲ್ಲ. ನನ್ನ ಟೀಚರ್ ಬೈಯಲಿಲ್ಲ, ಕಾದರು. ಅವರು ಕಾದಿದ್ದಕ್ಕೇ ಇಂದು ನಿಮ್ಮ ಮುಂದೆ ಮಾತಾಡುತ್ತಿದ್ದೇನೆ.

ಹೊಸ ಕೆಲಸದಲ್ಲೂ ಮೊದಲು ಸುಮ್ಮನೆ ಕೂತು ಕೇಳುತ್ತೇನೆ, ಆಮೇಲೆ ಬರೆಯುತ್ತೇನೆ.