ತೆರೆದ ಬಾಗಿಲಿನ ಆಚೆ



ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1901ರಲ್ಲಿ ಆರಂಭವಾದ ಜೋಲಿಯೆಟ್ ಜೂನಿಯರ್ ಕಾಲೇಜು ಅಲ್ಲಿನ ಸಾರ್ವಜನಿಕ ಸಮುದಾಯ ಕಾಲೇಜುಗಳ ಪೈಕಿ ಅತ್ಯಂತ ಹಳೆಯದು. ಎರಡು ವರ್ಷಗಳ ಶಿಕ್ಷಣ ನೀಡುವ ಈ ಕಾಲೇಜುಗಳು ಸಾಮಾನ್ಯವಾಗಿ ಅಂಕಪಟ್ಟಿ ನೋಡಿ ಯಾರನ್ನೂ ಹೊರಗಟ್ಟುವುದಿಲ್ಲ. ಹಗಲೆಲ್ಲ ದುಡಿದವರು, ಮಕ್ಕಳ ತಾಯಂದಿರು, ವಲಸೆ ಬಂದವರು ಸಂಜೆಯ ತರಗತಿಯಲ್ಲಿ ಜೊತೆಯಾಗಿ ಕುಳಿತು ಕಲಿಯುತ್ತಾರೆ. ಇದನ್ನು ನಾವು ಮನಸಾರೆ ಮೆಚ್ಚುತ್ತೇವೆ. ಆದರೆ ಬಾಗಿಲು ತೆರೆದ ಮಾತ್ರಕ್ಕೆ ವಿದ್ಯೆ ದಕ್ಕಿತೆನ್ನಲಾಗದು.

ದಾದಿಯಾಗಬಯಸುವ ಅನೇಕರಿಗೆ ಅಲ್ಲಿ ರಸಾಯನಶಾಸ್ತ್ರ ಮೊದಲ ಮೆಟ್ಟಿಲು. ಎಡವುವುದೂ ಅಲ್ಲಿಯೇ. ಶೇ. 10ರ ಉಪ್ಪಿನ ದ್ರಾವಣ 100 ಮಿ.ಲೀ. ಇದೆ, ಅದನ್ನು ಶೇ. 2ಕ್ಕೆ ಇಳಿಸಿ ಎಂದರೆ 500 ಮಿ.ಲೀ. ನೀರು ಸುರಿದುಬಿಡುವುದು ಸಹಜವಾದ ತಪ್ಪು. ಒಟ್ಟು ದ್ರಾವಣ 500 ಆಗಬೇಕು. ಬೆರೆಸಬೇಕಾದ ನೀರು ಸುಮಾರು 400. ಇದು ರಸಾಯನಶಾಸ್ತ್ರದ ಅಜ್ಞಾನವಲ್ಲ, ಶಾಲೆಯಲ್ಲಿ ಅರ್ಧಕ್ಕೇ ಉಳಿದುಹೋದ ಅನುಪಾತದ ಲೆಕ್ಕ. ಎಲ್ಲರೂ ಹೆದರುವ ಮೋಲ್ ಕೂಡ ಎಣಿಕೆಯ ಒಂದು ಕಟ್ಟು ಮಾತ್ರ: ಡಜನ್ ಎಂದರೆ 12, ಮೋಲ್ ಎಂದರೆ 6.022×10²³ ಕಣಗಳು.

ಇಂಥವರನ್ನು ದಡ್ಡರೆಂದು ಕೈಬಿಡುವುದು ಅನ್ಯಾಯ. ಕನಿಕರಪಟ್ಟು ಅಂಕ ಕೊಟ್ಟು ಕಳುಹಿಸುವುದು ಅದಕ್ಕಿಂತಲೂ ಅಪಾಯಕಾರಿ. ನಾಳೆ ರೋಗಿಯ ಔಷಧಿಯನ್ನು ಅಳೆಯುವುದು ಅದೇ ಕೈ! ಸೂತ್ರವನ್ನು ಹಲಗೆಯ ಮೇಲೆ ಬರೆದು ಮುಂದೆ ಸಾಗುವ ಅವಸರವಾದರೂ ಏಕೆ? ಅಳತೆಪಾತ್ರೆಯೊಂದರಲ್ಲಿ ಬಣ್ಣದ ನೀರನ್ನು ಅವರ ಕೈಗೇ ಕೊಟ್ಟು, 500ರ ಗೆರೆಯವರೆಗೆ ಅವರಿಂದಲೇ ತುಂಬಿಸಿ, ಸುರಿದ ನೀರೆಷ್ಟೆಂದು ಕೇಳಬೇಕು. ಒಂದು ಸಂಜೆಯ ಪಾಠ ಅಷ್ಟಕ್ಕೇ ಮುಗಿದರೂ ಚಿಂತೆಯಿಲ್ಲ.