ಇಂಗ್ಲಿಷಿನಲ್ಲಿ ‘ರಿ’ ಎಲ್ಲಿದೆ?

ಹುಬ್ಬಳ್ಳಿಯ ಕಮರಿಪೇಟೆಯ ಒಬ್ಬ ಹುಡುಗನನ್ನು ಕಲ್ಪಿಸಿಕೊಳ್ಳಿ. ಓಣಿಯ ಅಂಗಡಿಗೆ ಹೋಗಿ ಅವನು ‘ಕಾಕಾ, ಒಂದು ಪೆನ್ನು ಕೊಡ್ರಿ’ ಎನ್ನುತ್ತಾನೆ. ಕೊನೆಗೆ ಬಂದ ಆ ‘ರಿ’ಯಲ್ಲಿಯೇ ಅವನ ವಿನಯವೆಲ್ಲ ಅಡಗಿದೆ. ಅದೇ ಹುಡುಗ ಮುಂದೆ ನೌಕರಿಯ ಸಂದರ್ಶನಕ್ಕೆ ಹೋಗಿ ಅಧಿಕಾರಿಗೆ ‘ಗಿವ್ ಮಿ ಎ ಪೆನ್’ ಎನ್ನುತ್ತಾನೆ. ವ್ಯಾಕರಣದಲ್ಲಿ ತಪ್ಪಿಲ್ಲ. ಆದರೂ ಕೇಳಿದವರಿಗೆ ಅದು ‘ಪೆನ್ನು ಕೊಡು’ ಎಂದಂತೆಯೇ ಸರಿ. ಹುಡುಗ ಒರಟನಲ್ಲ. ಇಂಗ್ಲಿಷ್ ಕ್ರಿಯಾಪದಕ್ಕೆ ‘ರಿ’ ಹತ್ತುವುದಿಲ್ಲ, ಅಷ್ಟೆ.

ಆ ಭಾಷೆಯಲ್ಲಿ ವಿನಯವಿರುವುದು ಇಡೀ ವಾಕ್ಯದ ರಚನೆಯಲ್ಲಿ. ಆಜ್ಞೆಯನ್ನು ಪ್ರಶ್ನೆಯಾಗಿ ತಿರುಗಿಸಬೇಕು: ‘ಕುಡ್ ಐ ಹ್ಯಾವ್ ಎ ಪೆನ್, ಪ್ಲೀಸ್?’ ಇಲ್ಲಿ ‘ಕುಡ್’ ಭೂತಕಾಲವನ್ನು ಹೇಳುವುದಿಲ್ಲ, ಮಾತನ್ನು ಮೆದುವಾಗಿಸುತ್ತದೆ. ಹಾಗೆಯೇ ‘ಐ ವಾಂಟ್ ಲೀವ್’ ಎನ್ನುವ ಬದಲು ‘ಮೇ ಐ ಹ್ಯಾವ್ ಲೀವ್?’ ಎನ್ನಿ. ನಿಮ್ಮ ಹೆಸರಿನ ಹಿಂದೆ ನೀವೇ ‘ಮಿಸ್ಟರ್’ ಹಚ್ಚಿಕೊಂಡು ಪರಿಚಯ ಹೇಳಬೇಡಿ. ಕನ್ನಡದಲ್ಲಿ ಯಾರಾದರೂ ‘ನಾನು ಶ್ರೀಯುತ’ ಎನ್ನುತ್ತಾರೆಯೇ?

ಇನ್ನೊಂದು ಸ್ವಾರಸ್ಯವಿದೆ. ಹಿಂದೆ ಇಂಗ್ಲಿಷರೂ ಒಬ್ಬನಿಗೆ ‘ದೌ’, ಹಲವರಿಗೆ ‘ಯೀ’ ಅಥವಾ ‘ಯು’ ಎನ್ನುತ್ತಿದ್ದರು. 13ನೆಯ ಶತಮಾನದಿಂದ ಹಿರಿಯರು ಒಬ್ಬರೇ ಇದ್ದರೂ ಬಹುವಚನ ಬಳಸುವ ರೂಢಿ ಬೆಳೆಯಿತು. ಕ್ರಮೇಣ ‘ದೌ’ ಶಿಷ್ಟರ ದಿನಬಳಕೆಯಿಂದ ಮರೆಯಾಯಿತು. ಅಂದರೆ ಇಂದಿನ ‘ಯು’ ಮೂಲತಃ ನಮ್ಮ ‘ನೀವು’. ಆದ್ದರಿಂದಲೇ ಎದುರಿಗೆ ಒಬ್ಬರೇ ಇದ್ದರೂ ‘ಯು ಆರ್’ ಎನ್ನಬೇಕು, ‘ಯು ಈಸ್’ ಎನ್ನಬಾರದು. ಒಂದು ಕಾಲದ ಮರ್ಯಾದೆಯೇ ಇಂದಿನ ವ್ಯಾಕರಣವಾಗಿ ಉಳಿದಿದೆ.

ಇಂಗ್ಲಿಷ್ ತಪ್ಪಿಗೆ ನಮ್ಮ ಕನ್ನಡವೇ ಕಾರಣವೆಂದು ಬೈಯುವವರಿದ್ದಾರೆ. ಅನೇಕ ಸಲ ಕನ್ನಡವೇ ದಾರಿ ತೋರುತ್ತದೆ. ‘ಹಿ ಡಿಡ್ ನಾಟ್ ಕೇಮ್’ ಎಂಬ ತಪ್ಪನ್ನು ನೋಡಿ. ಕನ್ನಡದಲ್ಲಿ ನಾವು ‘ಬರಲಿಲ್ಲ’ ಎನ್ನುತ್ತೇವೆ, ‘ಬಂದಲಿಲ್ಲ’ ಎನ್ನುವುದಿಲ್ಲ. ಇಂಗ್ಲಿಷಿನಲ್ಲಿಯೂ ಹಾಗೆಯೇ. ಭೂತಕಾಲದ ಭಾರವನ್ನು ‘ಡಿಡ್’ ಹೊತ್ತ ಮೇಲೆ ‘ಕಮ್’ ಅದನ್ನು ಮತ್ತೆ ಹೊರಬೇಕಾಗಿಲ್ಲ. ‘ಹಿ ಡಿಡ್ ನಾಟ್ ಕಮ್’ ಎಂಬುದೇ ಸರಿ.

ಕೊನೆಯದಾಗಿ ಒಂದು ಮಾತು. ತರಗತಿಯಲ್ಲಿ ಗೆಳೆಯನೊಬ್ಬ ಎದ್ದುನಿಂತು ‘ಕೇಮ್’ ಎಂದಾಗ ಹಿಂದಿನ ಬೆಂಚಿನಿಂದ ನಗೆ ಏಳುತ್ತದೆ. ಅವನ ತಪ್ಪನ್ನು ಒಂದು ನಿಮಿಷದಲ್ಲಿ ತಿದ್ದಬಹುದು. ಆ ನಗೆಯಿಂದ ಮುಚ್ಚಿದ ಬಾಯಿ ಮಾತ್ರ ವರ್ಷಗಟ್ಟಲೆ ತೆರೆಯದಿರಬಹುದು. ಹಾಗಾದರೆ ಅಲ್ಲಿ ದೊಡ್ಡ ತಪ್ಪು ಯಾರದು? ತಿದ್ದಬೇಕೆನಿಸಿದರೆ ತರಗತಿ ಮುಗಿದ ಮೇಲೆ ಅವನ ಪಕ್ಕದಲ್ಲಿ ಕುಳಿತು, ಅವನಿಗಷ್ಟೇ ಕೇಳುವಂತೆ ಹೇಳಿ. ಯಾವ ಭಾಷೆಯನ್ನಾಡಿದರೂ ಕಮರಿಪೇಟೆಯ ಆ ‘ರಿ’ ಮನಸ್ಸಿನಲ್ಲಿರಲಿ.