ಪಾನನಿರೋಧ ಯುಗದ ಕಾದಂಬರಿಗಳು: ನಿಜವಾದ ಆರೋಪಿ ಯಾರು?

(ಸಂಘದ ಸಾಹಿತ್ಯ ಗೋಷ್ಠಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಸಾಹಿತ್ಯ ಗೋಷ್ಠಿಯಲ್ಲಿ ಪತ್ತೇದಾರಿ ಕಾದಂಬರಿಗೆ ಮಣೆ ಹಾಕುವ ರೂಢಿ ನಮ್ಮಲ್ಲಿ ಕಡಿಮೆ. ಎನ್. ನರಸಿಂಹಯ್ಯನವರ ಪುರುಷೋತ್ತಮನನ್ನು ನಮ್ಮ ಹಿರಿಯರು ಆಸೆಯಿಂದ ಓದಿದರು, ಸಾಹಿತ್ಯವೆಂದು ಮಾತ್ರ ಕರೆಯಲಿಲ್ಲ. ಆದರೆ ಅಮೆರಿಕದ ಪಾನನಿರೋಧದ ಕಾಲದಲ್ಲಿ ಹುಟ್ಟಿದ ಅಪರಾಧ ಕಾದಂಬರಿಗಳು ಒಂದು ಸಮಾಜದ ನೈತಿಕ ಲೆಕ್ಕಪತ್ರಗಳೂ ಹೌದೆಂಬುದು ನನ್ನ ನಿಲುವು.

ಮೊದಲು ಕಾನೂನನ್ನು ನೋಡೋಣ. 1920ರ ಜನವರಿ 17ರಿಂದ 1933ರ ಡಿಸೆಂಬರ್ 5ರವರೆಗೆ ಆ ದೇಶದಲ್ಲಿ ಮದ್ಯದ ತಯಾರಿಕೆ, ಮಾರಾಟ, ಸಾಗಣೆಗಳು ಸಂವಿಧಾನದ ಹದಿನೆಂಟನೆಯ ತಿದ್ದುಪಡಿಯಿಂದ ನಿಷಿದ್ಧವಾಗಿದ್ದವು. ಕುಡಿಯುವುದು ಮಾತ್ರ ಅಪರಾಧವಾಗಿರಲಿಲ್ಲ. ಮಾರಿದವನು ಪಾತಕಿ, ಕೊಂಡು ಕುಡಿದವನು ಸಭ್ಯ ಪ್ರಜೆ! ಕಾನೂನನ್ನು ಜಾರಿಗೆ ತರಬೇಕಾದ ಏಜೆಂಟರು ಆರಂಭದಲ್ಲಿ ಸುಮಾರು 1,500 ಮಂದಿ. 1927ರವರೆಗೆ ಅವರ ನೇಮಕಾತಿ ಸಿವಿಲ್ ಸರ್ವೀಸ್ ನಿಯಮಗಳ ಹೊರಗಿತ್ತು; ರಾಜಕೀಯ ಶಿಫಾರಸಿಗೆ ಬಾಗಿಲು ತೆರೆದಿತ್ತು. ಸರಕಾರಿ ಸೇವೆಯಲ್ಲಿ ತಲೆ ನರೆತಿರುವ ನನಗೆ ಈ ಒಂದು ಸಂಗತಿಯೇ ಮುಂದಿನ ಕಥೆಯನ್ನೆಲ್ಲ ಹೇಳಿಬಿಡುತ್ತದೆ.

ಪಿಂಕರ್ಟನ್ ಪತ್ತೇದಾರಿ ಸಂಸ್ಥೆಯಲ್ಲಿ ದುಡಿದಿದ್ದ ಡ್ಯಾಶಿಯಲ್ ಹ್ಯಾಮೆಟ್ ಬರೆದ ‘ರೆಡ್ ಹಾರ್ವೆಸ್ಟ್’ (1929) ಈ ಬಗೆಯ ಕೃತಿಗಳಲ್ಲಿ ಶ್ರೇಷ್ಠವಾದುದು. ಗಣಿ ಪಟ್ಟಣವೊಂದರ ಒಡೆಯ ಎಲಿಹು ವಿಲ್ಸನ್ ಕಾರ್ಮಿಕರ ಮುಷ್ಕರವನ್ನು ಮುರಿಯಲು ಗೂಂಡಾಗಳನ್ನು ಕರೆಸುತ್ತಾನೆ. ಮುಷ್ಕರ ಮುರಿಯುತ್ತದೆ, ಕರೆಸಿದವರು ತೊಲಗುವುದಿಲ್ಲ. ಕಳ್ಳಮದ್ಯ, ಜೂಜುಗಳನ್ನು ಹಂಚಿಕೊಂಡು ಊರನ್ನೇ ನುಂಗುತ್ತಾರೆ. ಪೊಲೀಸ್ ಮುಖ್ಯಸ್ಥನೂ ಅವರೊಡನೆ ಶಾಮೀಲು. ಊರನ್ನು ಶುದ್ಧಿಗೊಳಿಸಲು ನಿಂತ ಹೆಸರಿಲ್ಲದ ಪತ್ತೇದಾರ ಒಂದು ಗುಂಪನ್ನು ಇನ್ನೊಂದರ ಮೇಲೆ ಎತ್ತಿಕಟ್ಟುತ್ತಾನೆ. ಹೆಣಗಳು ಉರುಳುತ್ತವೆ, ಕೊಲ್ಲಿಸುವುದರಲ್ಲಿ ತನಗೂ ರುಚಿ ಹತ್ತುತ್ತಿದೆಯೆಂದು ಅವನೇ ಬೆದರುತ್ತಾನೆ. ಕೊನೆಗೆ ಸೈನಿಕರು ಬಂದು ಶಾಂತಿ ನೆಲೆಸುತ್ತದೆ. ಆದರೆ ಊರು ಮರಳುವುದು ಅದೇ ವಿಲ್ಸನ್ನನ ಕೈಗೆ. ಗೂಂಡಾ ಸತ್ತ, ಕರೆಸಿದವನು ಉಳಿದ.

ಹ್ಯಾಮೆಟ್ಟನ ‘ದಿ ಗ್ಲಾಸ್ ಕೀ’ (1931) ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಜೂಜುಕೋರರು, ಚುನಾವಣಾ ದಲ್ಲಾಳಿಗಳು ತುಂಬಿದ ಆ ನಗರದಲ್ಲಿ ಕೊಲೆಗಾರನಾಗಿ ಹೊರಬೀಳುವವನು ಗೌರವಾನ್ವಿತ ಸೆನೆಟರ್. ಷಿಕಾಗೋದ ಹೋಟೆಲೊಂದರಲ್ಲಿ ರಾತ್ರಿಪಾಳಿಯ ಗುಮಾಸ್ತನಾಗಿದ್ದ ಡಬ್ಲ್ಯು. ಆರ್. ಬರ್ನೆಟ್, ‘ಲಿಟ್ಲ್ ಸೀಸರ್’ (1929) ಕಾದಂಬರಿಯಲ್ಲಿ ಪತ್ತೇದಾರನನ್ನು ಬದಿಗಿರಿಸಿ ರೀಕೋ ಎಂಬ ಪಾತಕಿಯನ್ನೇ ಕೇಂದ್ರಕ್ಕೆ ತಂದ. ರೀಕೋನ ಮಹತ್ವಾಕಾಂಕ್ಷೆ ಯಾವುದೇ ವ್ಯಾಪಾರಿಯದಕ್ಕಿಂತ ಬೇರೆಯಲ್ಲವೆಂಬುದೇ ಓದುಗರನ್ನು ಕಲಕುವ ಅಂಶ.

ವಾಸ್ತವವೂ ಕಾದಂಬರಿಯನ್ನೇ ಹೋಲುತ್ತಿತ್ತು. 1929ರ ಫೆಬ್ರವರಿ 14ರಂದು ಷಿಕಾಗೋದ ಗ್ಯಾರೇಜೊಂದರಲ್ಲಿ ಏಳು ಮಂದಿಯ ಹತ್ಯೆಯಾಯಿತು. ಅದಕ್ಕಾಗಿ ಯಾರಿಗೂ ಶಿಕ್ಷೆಯಾಗಲಿಲ್ಲ. ಅಕ್ರಮ ಗಳಿಕೆಗೂ ತೆರಿಗೆಯುಂಟೆಂದು 1927ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪಿತ್ತಿತ್ತು. ಆ ಬಲದಿಂದಲೇ 1931ರಲ್ಲಿ ಅಲ್ ಕಪೋನ್‌ಗೆ 11 ವರ್ಷಗಳ ಸೆರೆಮನೆಯಾಯಿತು. ಬಂದೂಕು ಮಾಡಲಾಗದ ಕೆಲಸವನ್ನು ಜಮಾಖರ್ಚಿನ ಪುಸ್ತಕ ಮಾಡಿತು.

ಪಾನನಿರೋಧದ ಆಶಯವನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಕುಡಿತದಿಂದ ಮನೆ ಮುರಿದ ಹೆಂಗಸರ ಕಣ್ಣೀರು ಆ ಕಾನೂನಿನ ಹಿಂದೆಯೂ ಇತ್ತು. ಆದರೆ ಸಮಾಜ ಬಾಯಲ್ಲಿ ಒಪ್ಪಿ ನಡತೆಯಲ್ಲಿ ಮುರಿಯುವ ಕಾನೂನು ಪಾತಕಿಗೆ ಬಂಡವಾಳವಾಗುತ್ತದೆ.

ಮುಂಬಯಿಯಲ್ಲಿ ನೆಲೆಸಿದ ನಮಗೆ ಇದು ದೂರದ ಮಾತಲ್ಲ. 1949ರ ಮುಂಬಯಿ ಪಾನನಿರೋಧ ಕಾಯಿದೆಯಲ್ಲಿ ಕುಡಿಯುವವನಿಗೂ ಪರ್ಮಿಟ್ ಬೇಕಿತ್ತು. ಆದರೂ ಕಳ್ಳಭಟ್ಟಿ ಹಬ್ಬಿತು. ವರದರಾಜನ್ ಮುದಲಿಯಾರನ ಸಾಮ್ರಾಜ್ಯಕ್ಕೆ ಬುನಾದಿಯಾಯಿತು. ಅವನ ಕಥೆ ತಮಿಳಿನ ‘ನಾಯಕನ್’ (1987) ಚಿತ್ರಕ್ಕೆ ಪ್ರೇರಣೆಯಾಯಿತು. ಕಂಪನಿ ಜಗತ್ತಿನ ಕ್ರೌರ್ಯವನ್ನು ಯಶವಂತ ಚಿತ್ತಾಲರು ‘ಶಿಕಾರಿ’ಯಲ್ಲಿ (1979) ತೋರಿದರು. ಮಾರಿದವನ ಕಥೆ ಜನಕ್ಕೆ ಗೊತ್ತು. ಕೊಂಡು ಕುಡಿದು ಮರುದಿನ ಕಚೇರಿಗೆ ಹೋದವನ ಕಥೆಯನ್ನೂ ನಮ್ಮ ಲೇಖಕರು ಬರೆಯಬೇಕಾಗಿದೆ. ಆ ಆರೋಪಿ ನಮ್ಮ ನಡುವೆಯೇ ಕುಳಿತಿರುತ್ತಾನೆ.